ಶಲ್ಯನೋ, ಬೃಹನ್ನಳೆಯೋ?

ವಿರಾಟರಾಯನ ಮಗ ಉತ್ತರಕುಮಾರನ ಕಥೆ ಕನ್ನಡಿಗರ ಮನೆಯ ಮಕ್ಕಳಿಗೂ ಗೊತ್ತು. ಕೌರವಸೇನೆ ಗೋವುಗಳನ್ನು ಅಟ್ಟಿಕೊಂಡು ಹೊರಟ ಸುದ್ದಿ ಬಂದಾಗ ಅಂತಃಪುರದ ಹೆಂಗಸರೆದುರು ಮೀಸೆ ತಿರುವಿದ ಆ ರಾಜಪುತ್ರನಿಗೆ, ಅವನೇ ಹೇಳಿಕೊಂಡಂತೆ, ಇದ್ದ ಕೊರತೆ ಒಂದೇ: ರಥ ನಡೆಸಲು ತಕ್ಕ ಸಾರಥಿಯಿಲ್ಲ. ನೃತ್ಯದ ಗುರುವಾಗಿದ್ದ ಬೃಹನ್ನಳೆ ಲಗಾಮು ಹಿಡಿದ ಮೇಲೆ ನಡೆದದ್ದು ಎಲ್ಲರಿಗೂ ತಿಳಿದದ್ದೇ. ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದವನು ಉತ್ತರ. ಅವನನ್ನು ಹಿಡಿದು ತಂದು, ಶಮೀವೃಕ್ಷದಿಂದ ಆಯುಧಗಳನ್ನು ಇಳಿಸಿಕೊಂಡು, ಗೋವುಗಳನ್ನು ಗೆದ್ದು ತಂದವನು ಸಾರಥಿ. ಆದರೆ ಮತ್ಸ್ಯನಗರ ಮೊದಲು ಕೊಂಡಾಡಿದ್ದು ಉತ್ತರನನ್ನು! ಭಾರತದಲ್ಲಿಯೇ ಇನ್ನೊಬ್ಬ ಸಾರಥಿ ಇದ್ದಾನೆ, ಮದ್ರದೇಶದ ಶಲ್ಯ. ತನ್ನ ರಥಿಕನಾದ ಕರ್ಣನನ್ನು ದಾರಿಯುದ್ದಕ್ಕೂ ಹಳಿದು, ಕನ್ನಡ ಕವಿಗಳ ಕಥನದಲ್ಲಿ ನಡುರಣದಲ್ಲಿಯೇ ರಥದಿಂದಿಳಿದು ಹೊರಟುಹೋದವನು ಅವನು.

ಸಾರಥ್ಯದ ಈ ಎರಡು ಮುಖಗಳನ್ನು ಕಾಣಲು ಕುರುಕ್ಷೇತ್ರದವರೆಗೆ ಹೋಗಬೇಕಾಗಿಲ್ಲ. ಮನೆಯ ಮೇಜಿನ ಮೇಲೆ ಕುಳಿತಿರುವ ಕಂಪ್ಯೂಟರಿನ ಒಳಗೆ ಇಣುಕಿದರೆ ಸಾಕು. ಅಲ್ಲಿ ಸಾರಥಿಗೆ ಡ್ರೈವರ್ ಎಂಬ ಹೆಸರೇ ಸಂದಿದೆ. ಮಗಳ ಮದುವೆಯ ಕರೆಯೋಲೆಯನ್ನು ಬರೆದು ಮುದ್ರಿಸುವ ಗುಂಡಿಯನ್ನೊತ್ತುವ ಗೃಹಸ್ಥರು, ಕಾಗದ ಹೊರಬಂದೊಡನೆ ಬರವಣಿಗೆಯ ಪ್ರೋಗ್ರಾಮನ್ನು ಮೆಚ್ಚಿಕೊಳ್ಳುತ್ತಾರೆ. ವಾಸ್ತವವಾಗಿ ಆ ಪ್ರೋಗ್ರಾಮಿಗೆ ಪ್ರಿಂಟರಿನ ವಿಷಯ ಏನೇನೂ ತಿಳಿಯದು. ಅದರ ತಲೆಯಲ್ಲಿ ಎಷ್ಟು ಸೂಜಿಗಳಿವೆ, ಕಾಗದ ಮುಗಿದರೆ ಅದು ಯಾವ ಸಂಜ್ಞೆ ಮಾಡುತ್ತದೆ, ಒಂದಕ್ಷರ ಕೊಟ್ಟ ಮೇಲೆ ಮುಂದಿನ ಅಕ್ಷರಕ್ಕೆ ಎಷ್ಟು ಹೊತ್ತು ತಾಳಬೇಕು ಎಂಬುದೆಲ್ಲ ಅರಿತಿರುವುದು ನಡುವೆ ಕುಳಿತ ಒಂದು ಪುಟ್ಟ ಪ್ರೋಗ್ರಾಮು. ಅದೇ ಡ್ರೈವರು. ಅದು ಚೆನ್ನಾಗಿ ಕೆಲಸ ಮಾಡುವಷ್ಟು ದಿನವೂ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಕೆಟ್ಟ ದಿನ ಮಾತ್ರ ಮನೆಯವರೆಲ್ಲರ ಬಾಯಲ್ಲಿ ಅದರದೇ ಮಾತು.

ಇಂದಿನ ಯಂತ್ರಗಳಲ್ಲಿ ಈ ಸಾರಥಿ ಏಳು ಕೋಟೆಗಳ ಒಳಗಿದ್ದಾನೆ. ಅವನ ನಿಜಸ್ವರೂಪವನ್ನು ನೋಡಬೇಕಾದರೆ ವೈಯಕ್ತಿಕ ಕಂಪ್ಯೂಟರಿನ ಮೊದಲ ಇಪ್ಪತ್ತು ವರ್ಷಗಳಿಗೆ ಹಿಂದಿರುಗಬೇಕು.

ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾದಳದ ಸ್ನಾತಕೋತ್ತರ ಶಾಲೆಯಿದೆ. ಅಲ್ಲಿ ಪಾಠ ಹೇಳುತ್ತಿದ್ದ ಗ್ಯಾರಿ ಕಿಲ್ಡಾಲ್ ಎಂಬಾತ 1974ರಲ್ಲಿ ಸಣ್ಣ ಯಂತ್ರಗಳಿಗಾಗಿ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮನ್ನು ರಚಿಸಿದ. ಯಂತ್ರದ ಯಜಮಾನಿಕೆ ಮಾಡುವ, ಕಡತಗಳ ಲೆಕ್ಕವಿಡುವ, ಉಳಿದ ಪ್ರೋಗ್ರಾಮುಗಳಿಗೆ ಎಡೆಮಾಡಿಕೊಡುವ ಮೂಲಪ್ರೋಗ್ರಾಮಿಗೆ ಈ ಹೆಸರು. ಆ ದಿನಗಳಲ್ಲಿ ಇಬ್ಬರು ತಯಾರಕರ ಯಂತ್ರಗಳು ಒಂದರಂತೆ ಒಂದಿರುತ್ತಿರಲಿಲ್ಲ. ಡಿಸ್ಕು ಬೇರೆ, ತೆರೆ ಬೇರೆ, ಕೀಲಿಮಣೆ ಬೇರೆ. ಹೊಸ ಯಂತ್ರ ಬಂದಾಗಲೆಲ್ಲ ಇಡೀ ಸಿಸ್ಟಮನ್ನು ತಿದ್ದಿ ಬರೆಯುವುದು ಎಂತಹ ಶ್ರಮ! ಕಿಲ್ಡಾಲ್ ಒಂದು ಉಪಾಯ ಕಂಡುಕೊಂಡ. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನೆಲ್ಲ ಒಂದೆಡೆ ಒಟ್ಟುಗೂಡಿಸಿ, ಅದಕ್ಕೆ ಬಯಾಸ್ ಎಂದು ಹೆಸರಿಟ್ಟು, ಉಳಿದದ್ದನ್ನು ಮುಟ್ಟದಂತೆ ಬೇರ್ಪಡಿಸಿಬಿಟ್ಟ. ತಯಾರಕರು ಆ ಸಣ್ಣ ಭಾಗವನ್ನು ತಮ್ಮ ಯಂತ್ರಕ್ಕೆ ತಕ್ಕಂತೆ ಬರೆದುಕೊಂಡರೆ ತೀರಿತು. ರಥ ಬೇರೆ, ಕುದುರೆ ಬೇರೆ, ಸಾರಥಿ ಬೇರೆ ಎಂಬ ವಿವೇಕ ಸಣ್ಣ ಕಂಪ್ಯೂಟರುಗಳ ಲೋಕದಲ್ಲಿ ನೆಲೆಗೊಂಡದ್ದು ಹೀಗೆ.

1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅದರ ಸಿಸ್ಟಮು ಡಾಸ್. ಸಿಯಾಟಲ್‌ನ ಟಿಮ್ ಪ್ಯಾಟರ್ಸನ್ ಬರೆದದ್ದನ್ನು ಮೈಕ್ರೋಸಾಫ್ಟ್ ಕೊಂಡು ಒದಗಿಸಿದ್ದು. ಮೊದಲ ಡಾಸ್‌ನಲ್ಲಿ ಸಾರಥಿಗಳೆಲ್ಲ ಅರಮನೆಯ ಆಳುಗಳು. ಹೊರಗಿನವನೊಬ್ಬ ಹೊಸ ಬಗೆಯ ಡಿಸ್ಕನ್ನು ತಯಾರಿಸಿದರೆ ಅದಕ್ಕೆ ಒಳಗೆ ಜಾಗವಿಲ್ಲ. ಸಿಸ್ಟಮಿನ ಹೊಟ್ಟೆಯನ್ನೇ ಕುಯ್ದು ತೇಪೆ ಹಾಕಬೇಕು. 1983ರ ಮಾರ್ಚ್‌ನಲ್ಲಿ ಬಂದ ಡಾಸ್ 2.0 ಈ ಗೋಡೆಗೆ ಒಂದು ಬಾಗಿಲಿಟ್ಟಿತು. ಕಾನ್‌ಫಿಗ್.ಸಿಸ್ ಎಂಬ ಕಡತದಲ್ಲಿ ಒಂದು ಸಾಲು ಬರೆದು ಡ್ರೈವರಿನ ಹೆಸರು ಕೊಟ್ಟರಾಯಿತು. ಯಂತ್ರ ಏಳುವಾಗ ಅದನ್ನು ಓದಿ, ಆ ಡ್ರೈವರನ್ನು ಕರೆತಂದು ಕೂರಿಸಿಕೊಳ್ಳುತ್ತಿತ್ತು. ಯಾರು ಬೇಕಾದರೂ ಸಾರಥಿಯನ್ನು ಕಳುಹಿಸಬಹುದು. ಪರ್ಸನಲ್ ಕಂಪ್ಯೂಟರಿಗೆ ಮೌಸ್, ಸ್ಕ್ಯಾನರ್, ಧ್ವನಿಯ ಕಾರ್ಡು ಎಂದು ಬಗೆಬಗೆಯ ಒಡವೆಗಳು ಬಂದು ಸೇರಿದ್ದಕ್ಕೆ ಈ ಒಂದು ಸಾಲಿನ ಉಪಕಾರ ಸಣ್ಣದಲ್ಲ.

ಒಳಗೆ ಬರುವವನು ತೋರಿಸಬೇಕಾದ ಗುರುತಿನ ಚೀಟಿ ಕೇವಲ 18 ಬೈಟುಗಳದು. ಒಂದು ಅಕ್ಷರ ಹಿಡಿಯುವ ಜಾಗ ಒಂದು ಬೈಟ್ ಎಂದುಕೊಂಡರೆ, ಒಂದು ಸಣ್ಣ ವಾಕ್ಯಕ್ಕೂ ಸಾಲದಷ್ಟು ಸ್ಥಳ. ಅದರಲ್ಲಿ ಮೊದಲ 4 ಬೈಟುಗಳು ಮುಂದಿನ ಡ್ರೈವರು ಎಲ್ಲಿದೆಯೆಂದು ತೋರಿಸುವ ಕೊಂಡಿ. ಮುಂದಿನ 2, ತಾನು ಯಾವ ಜಾತಿಯದೆಂಬ ವಿವರ: ಅಕ್ಷರಗಳನ್ನು ಒಂದೊಂದಾಗಿ ಸಾಗಿಸುವುದೋ, ಡಿಸ್ಕಿನಂತೆ ಕಂತೆಕಂತೆಯಾಗಿ ಸಾಗಿಸುವುದೋ ಎಂದು. ಆಮೇಲಿನ 4ರಲ್ಲಿ ಎರಡು ಬಾಗಿಲುಗಳ ವಿಳಾಸ. ಕಡೆಯ 8ರಲ್ಲಿ ಹೆಸರು. ಇಷ್ಟರಲ್ಲಿ ಒಂದು ಸಂಸಾರದ ವ್ಯವಹಾರವನ್ನೆಲ್ಲ ಅಡಕಮಾಡಿದ ಜಾಣತನವನ್ನು ಮೆಚ್ಚದೆ ಇರಲಾಗದು.

ಎರಡು ಬಾಗಿಲುಗಳು ಏಕೆ? ಡಾಸ್‌ಗೆ ಕೆಲಸವಾಗಬೇಕಾದಾಗ ಅದು ಒಂದು ಚೀಟಿ ಬರೆಯುತ್ತದೆ: ಇಂಥ ಆಜ್ಞೆ, ಇಷ್ಟು ಅಕ್ಷರ, ಇಂಥ ಜಾಗದಿಂದ. ಮೊದಲ ಬಾಗಿಲನ್ನು ತಟ್ಟಿ ಆ ಚೀಟಿಯಿರುವ ವಿಳಾಸವನ್ನು ಮಾತ್ರ ತಿಳಿಸುತ್ತದೆ. ಡ್ರೈವರು ಅದನ್ನು ಗುರುತುಹಾಕಿಕೊಂಡು ಹಿಂದಿರುಗಬೇಕು. ಮರುಕ್ಷಣವೇ ಡಾಸ್ ಎರಡನೆಯ ಬಾಗಿಲನ್ನು ತಟ್ಟುತ್ತದೆ. ಕೆಲಸ ನಡೆಯುವುದು ಆಗ. ಮೊದಲ ಸಲ ಓದುವವರಿಗೆ ಇದು ವಿಚಿತ್ರವಾಗಿ ತೋರುತ್ತದೆ. ಒಂದೇ ಸಲಕ್ಕೆ ಹೇಳಿ ಮುಗಿಸಬಾರದೇ? ಹಲವು ಕೆಲಸಗಳು ಏಕಕಾಲದಲ್ಲಿ ನಡೆಯುವ ದೊಡ್ಡ ಸಿಸ್ಟಮುಗಳಲ್ಲಿ ಚೀಟಿಗಳು ಸರದಿಯಲ್ಲಿ ಸೇರುತ್ತವೆ, ಬಿಡುವಾದಾಗ ಕೆಲಸ ನಡೆಯುತ್ತದೆ. ಆ ಮಾದರಿಯನ್ನು ಮುಂದಿನ ಕಾಲಕ್ಕೆಂದು ಇಲ್ಲಿಯೂ ಇಟ್ಟರು. ಡಾಸ್‌ಗೆ ಆ ಕಾಲ ಬರಲೇ ಇಲ್ಲ. ಬಾರದ ಅಳಿಯನಿಗಾಗಿ ಕಟ್ಟಿಸಿದ ಕೋಣೆಯಂತೆ ಆ ಮೊದಲ ಬಾಗಿಲು ಕಡೆಯವರೆಗೂ ಉಳಿಯಿತು. ಪ್ರತಿಯೊಬ್ಬ ಡ್ರೈವರ್ ಲೇಖಕನೂ ಅದನ್ನು ಗುಡಿಸಿ ಸಾರಿಸಿ ಇಡಬೇಕಾಯಿತು.

ಅಂದಿನ ಮೆಮೊರಿಯ ಬಡತನ ಈ ಲೇಖಕರಿಗೆ ಕಲಿಸಿದ ಮಿತವ್ಯಯವೂ ಸೊಗಸಾದದ್ದು. ಡ್ರೈವರು ಬಂದು ಕುಳಿತೊಡನೆ ಮಾಡುವ ಕೆಲಸಗಳು ಕೆಲವಿವೆ: ಯಂತ್ರಭಾಗ ಇದೆಯೇ ಎಂದು ಪರೀಕ್ಷಿಸುವುದು, ಅದನ್ನು ಎಬ್ಬಿಸುವುದು, ತೆರೆಯ ಮೇಲೆ ತನ್ನ ಹೆಸರು ತೋರಿಸುವುದು. ಇವೆಲ್ಲ ಒಂದು ಸಲ ಆದರೆ ಮುಗಿಯಿತು. ಆದ್ದರಿಂದ ಆ ಭಾಗವನ್ನು ಬರಹದ ಕೊನೆಯಲ್ಲಿಟ್ಟು, ಡಾಸ್‌ಗೆ "ನನ್ನ ಮನೆ ಇಲ್ಲಿಗೆ ಮುಗಿಯಿತು" ಎಂದು ಅದಕ್ಕಿಂತ ಹಿಂದಿನ ಗಡಿಯನ್ನೇ ತೋರಿಸುತ್ತಿದ್ದರು. ಮದುವೆ ಮುಗಿದ ಮೇಲೆ ಚಪ್ಪರ ಬಿಚ್ಚುವಂತೆ ಆ ಜಾಗ ಬೇರೆಯವರ ಉಪಯೋಗಕ್ಕೆ ಹೋಗುತ್ತಿತ್ತು. ಯಂತ್ರಕ್ಕೆ ಒಟ್ಟು ಸಿಕ್ಕುತ್ತಿದ್ದದ್ದು 1,024 ಕಿಲೋಬೈಟುಗಳ ವಿಳಾಸ. ಅದರಲ್ಲಿ ಪ್ರೋಗ್ರಾಮುಗಳ ಪಾಲು 640. ಪ್ರತಿಯೊಂದು ಡ್ರೈವರೂ ಈ 640ರಲ್ಲಿಯೇ ತನ್ನ ಚಾಪೆ ಹಾಸಬೇಕು. 1991ರಲ್ಲಿ ಡಾಸ್ 5 ಬಂದು, ಕೆಲವು ಡ್ರೈವರುಗಳನ್ನು ಮೇಲಿನ ಅಟ್ಟಕ್ಕೆ ಏರಿಸುವ ಅನುಕೂಲ ಮಾಡಿಕೊಡುವವರೆಗೆ ಈ ಇಕ್ಕಟ್ಟು ತಪ್ಪಲಿಲ್ಲ.

ಆದರೆ ಡ್ರೈವರ್ ಬರೆಯುವವನ ಎದೆಗಾರಿಕೆಯ ಪರೀಕ್ಷೆ ಇರುವುದು ಬೇರೆಡೆ: ಇಂಟರಪ್ಟ್ ಎಂಬ ಕರೆಗಂಟೆಯಲ್ಲಿ. ಪ್ರೊಸೆಸರು ತನ್ನ ಪಾಡಿಗೆ ಲೆಕ್ಕ ಮಾಡುತ್ತಿರುತ್ತದೆ. ಅಷ್ಟರಲ್ಲಿ ಕೀಲಿಮಣೆಯ ಮೇಲೆ ಬೆರಳು ಬಿತ್ತು, ಇಲ್ಲವೇ ದೂರವಾಣಿ ತಂತಿಯ ಮೇಲೆ ಒಂದಕ್ಷರ ಬಂತು. ಕೂಡಲೇ ಗಂಟೆ ಬಾರಿಸುತ್ತದೆ. ಪ್ರೊಸೆಸರು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ಡ್ರೈವರಿನ ಬಳಿಗೆ ಓಡುತ್ತದೆ. ಮೊದಲ ಐಬಿಎಂ ಯಂತ್ರದಲ್ಲಿ ಇಂತಹ ಗಂಟೆಗಳು 8. ಗಡಿಯಾರಕ್ಕೆ ಒಂದು, ಕೀಲಿಮಣೆಗೆ ಒಂದು, ಹೀಗೆ. ಗಡಿಯಾರದ ಗಂಟೆ ಸೆಕೆಂಡಿಗೆ ಸುಮಾರು 18 ಸಲ ಬಾರಿಸುತ್ತಿತ್ತು. ಬಾಣಲೆಯಲ್ಲಿ ಒಗ್ಗರಣೆ ಇಟ್ಟಿರುವಾಗ ಬಾಗಿಲ ಗಂಟೆ ಬಾರಿಸಿದರೆ ಗೃಹಿಣಿ ಏನು ಮಾಡುತ್ತಾಳೋ ಡ್ರೈವರೂ ಅದನ್ನೇ ಮಾಡಬೇಕು. ಓಡಿಹೋಗಿ, ಬಂದವರಿಂದ ಕಾಗದ ತೆಗೆದುಕೊಂಡು, ಸಾಸಿವೆ ಸೀಯುವುದರೊಳಗಾಗಿ ಹಿಂದಿರುಗಬೇಕು. ಕುಶಲಪ್ರಶ್ನೆಗೆ ಹೊತ್ತಿಲ್ಲ.

ಎಷ್ಟು ಹೊತ್ತು ಇರುತ್ತಿತ್ತೆಂಬುದನ್ನು ಲೆಕ್ಕ ಹಾಕಬಹುದು. ದೂರದ ಯಂತ್ರದೊಡನೆ ಸೆಕೆಂಡಿಗೆ 9,600 ಬಿಟ್‌ಗಳ ವೇಗದಲ್ಲಿ ಮಾತುಕತೆ ನಡೆದರೆ, ಒಂದಕ್ಷರಕ್ಕೆ ಹಿಂದುಮುಂದಿನ ಗುರುತುಗಳೂ ಸೇರಿ 10 ಬಿಟ್‌ಗಳಾಗಿ, ಸೆಕೆಂಡಿಗೆ 960 ಅಕ್ಷರಗಳು ಬರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ತುಸುವೇ ಹೆಚ್ಚು ಕಾಲ. ಅಂದಿನ ಪ್ರೊಸೆಸರಿನ ಗಡಿಯಾರ ಅಷ್ಟರಲ್ಲಿ ಸುಮಾರು 5,000 ಸಲ ಮಿಡಿಯುತ್ತಿತ್ತು. ಒಂದೊಂದು ಸಣ್ಣ ಆಜ್ಞೆಗೂ ಹಲವು ಮಿಡಿತಗಳು ವೆಚ್ಚ. ತಂತಿಯ ತುದಿಯಲ್ಲಿ ಕುಳಿತ 8250 ಎಂಬ ಚಿಪ್ಪಿಗಾದರೋ ಬಂದ ಅಕ್ಷರವನ್ನು ಇಟ್ಟುಕೊಳ್ಳಲು ಇದ್ದದ್ದು ಒಂದೇ ಪೆಟ್ಟಿಗೆ. ಡ್ರೈವರು ಬಂದು ತೆಗೆಯುವುದು ತಡವಾದರೆ ಮುಂದಿನ ಅಕ್ಷರ ಹಿಂದಿನದರ ಮೇಲೆಯೇ ಬಂದು ಬಿದ್ದು ಅದನ್ನು ಅಳಿಸಿಹಾಕುತ್ತಿತ್ತು. ಹೋದ ಅಕ್ಷರ ಹೋಯಿತು. ಅದು ಬ್ಯಾಂಕಿನ ಲೆಕ್ಕದ ಒಂದು ಸೊನ್ನೆಯೂ ಆಗಿರಬಹುದು. ಮುಂದೆ 16 ಪೆಟ್ಟಿಗೆಗಳಿರುವ 16550 ಎಂಬ ಚಿಪ್ಪು ಬಂತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಅದರ ಮೊದಲ ಆವೃತ್ತಿಯಲ್ಲಿ ಆ 16 ಪೆಟ್ಟಿಗೆಗಳೂ ದೋಷದಿಂದ ಉಪಯೋಗಕ್ಕೆ ಬಾರದಂತಾದವು. ಸರಿಯಾಗಿ ಕೆಲಸಮಾಡಿದ್ದು ತಿದ್ದಿದ ಆವೃತ್ತಿ. ಆದ್ದರಿಂದ ಜಾಣ ಡ್ರೈವರು, ಎದುರಿಗಿರುವುದು ಹಳೆಯದೋ, ದೋಷವುಳ್ಳದ್ದೋ, ತಿದ್ದಿದ್ದೋ ಎಂದು ಮೊದಲು ಮೆಲ್ಲನೆ ಕುಟ್ಟಿ ನೋಡಿಯೇ ಮುಂದುವರಿಯುತ್ತಿತ್ತು. ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ, ಹಾಗೆ.

ಗಂಟೆಗೆ ಓಗೊಟ್ಟ ಮೇಲೆ "ಕೆಲಸ ಮುಗಿಯಿತು" ಎಂದು ಗಂಟೆಗಳ ಮೇಲ್ವಿಚಾರಕ ಚಿಪ್ಪಿಗೆ ತಿಳಿಸಬೇಕು. ಅದಕ್ಕೆ ಬೇಕಾದದ್ದು ಒಂದು ಆಜ್ಞೆ: 32ನೆಯ ದ್ವಾರಕ್ಕೆ 32 ಎಂಬ ಸಂಖ್ಯೆಯನ್ನು ಕಳುಹಿಸುವುದು. ಅದೊಂದನ್ನು ಮರೆತರೆ ಆ ಗಂಟೆಯೂ ಅಂತಸ್ತಿನಲ್ಲಿ ಅದಕ್ಕಿಂತ ಕೆಳಗಿನ ಗಂಟೆಗಳೂ ಮತ್ತೆಂದೂ ಬಾರಿಸವು. ಕೀಲಿಮಣೆಯ ಡ್ರೈವರಿನಲ್ಲಿ ಈ ಮರೆವಾದರೆ ಎಷ್ಟು ಒತ್ತಿದರೂ ಒಂದಕ್ಷರ ಮೂಡದು. ಇನ್ನೂ ಒಂದು ಕಷ್ಟವಿದೆ. ಸಾಮಾನ್ಯ ಪ್ರೋಗ್ರಾಮು ಎಡವಿದರೆ ಡಾಸ್‌ನ ನೆರವು ಕೇಳಬಹುದು: ತೆರೆಯ ಮೇಲೆ ಸಂದೇಶ ತೋರಿಸು, ಕಡತದಲ್ಲಿ ಬರೆದಿಡು ಎಂದು. ಡ್ರೈವರಿಗೆ ಆ ಭಾಗ್ಯವಿಲ್ಲ. ಡಾಸ್ ಒಂದು ಕೆಲಸದ ನಡುವೆ ಇನ್ನೊಂದನ್ನು ವಹಿಸಿಕೊಳ್ಳಲಾರದು. ಡ್ರೈವರನ್ನು ಕರೆದದ್ದೇ ಡಾಸ್ ಆಗಿರುವಾಗ ಅದನ್ನೇ ಮತ್ತೆ ಕರೆದರೆ ಇಬ್ಬರೂ ಸೇರಿ ಮುಳುಗುತ್ತಾರೆ. ಯಂತ್ರ ಏಳುವ ಹೊತ್ತಿನ ಕೆಲವೇ ಕೋರಿಕೆಗಳನ್ನು ಬಿಟ್ಟರೆ, ಆಮೇಲೆ ಡ್ರೈವರು ಒಂಟಿ.

ಆದ್ದರಿಂದ ತಪ್ಪು ಹುಡುಕುವ ವಿಧಾನವೂ ಒರಟಾಗಿತ್ತು. ಲೇಖಕನು ತನ್ನ ಬರಹದ ನಡುವೆ, ತೆರೆಯ ಮೂಲೆಗೆ ಸಂಬಂಧಿಸಿದ ಮೆಮೊರಿಯಲ್ಲಿ ನೇರವಾಗಿ ಒಂದೊಂದು ಅಕ್ಷರ ಇಡುತ್ತಿದ್ದ: ಇಲ್ಲಿಗೆ ಬಂದಾಗ ಕ, ಇನ್ನೊಂದೆಡೆಗೆ ಬಂದಾಗ ಖ ಎಂಬಂತೆ. ಯಂತ್ರ ಸ್ತಬ್ಧವಾದಾಗ ಮೂಲೆಯಲ್ಲಿ ಉಳಿದಿದ್ದ ಅಕ್ಷರವೇ ಸಾಕ್ಷಿ. ಕೆಲವರು ಪುಟ್ಟ ಸ್ಪೀಕರಿನಿಂದ ಒಂದು ಕೀರಲು ಧ್ವನಿ ಹೊರಡಿಸಿ ಕಿವಿಗೊಟ್ಟು ಕುಳಿತಿರುತ್ತಿದ್ದರು. ಡ್ರೈವರು ಏಳುವಾಗಲೇ ಕೆಟ್ಟರೆ ಇಡೀ ಯಂತ್ರವೇ ಏಳದು. ಅದಕ್ಕಾಗಿ ಪಕ್ಕದಲ್ಲಿ ಬೇರೊಂದು ಫ್ಲಾಪಿ ಸಿದ್ಧವಾಗಿರಬೇಕು. ತಿದ್ದು, ಜೋಡಿಸು, ಯಂತ್ರ ಆರಿಸಿ ಹೊತ್ತಿಸು, ಸ್ತಬ್ಧವಾಯಿತೇ, ಮತ್ತೆ ತಿದ್ದು. ಒಂದು ರಾತ್ರಿಯಲ್ಲಿ ಈ ಸುತ್ತು ಎಷ್ಟು ಸಲವಾಗುತ್ತಿತ್ತೆಂಬುದನ್ನು ಆ ಲೇಖಕರ ಮನೆಯವರನ್ನೇ ಕೇಳಬೇಕು!

ಕಾಲವನ್ನು ಅಳೆಯುವುದರಲ್ಲಿ ಆದ ತಪ್ಪುಗಳು ಇನ್ನೂ ಗೂಢ. ಯಂತ್ರಭಾಗಕ್ಕೆ ಆಜ್ಞೆ ಕೊಟ್ಟ ಮೇಲೆ ಒಂದು ಚಣ ಕಾಯಬೇಕಾದರೆ, ಪ್ರೊಸೆಸರಿಗೆ "ಇಷ್ಟು ಸಲ ಸುಮ್ಮನೆ ಎಣಿಸು" ಎಂದು ಹೇಳುವುದು ಅಂದಿನ ರೂಢಿ. ಅಕ್ಕಿ ಬೇಯುವವರೆಗೆ ಸಹಸ್ರನಾಮ ಹೇಳಿಕೊಳ್ಳುವ ಅಜ್ಜಿಯ ಕ್ರಮವೇ ಇದು. ಆದರೆ ಅಜ್ಜಿಯ ನಾಲಿಗೆಯ ವೇಗ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತ ಹೋದರೆ? ಅನ್ನ ಅರೆಬೆಂದೇ ಇಳಿಯುತ್ತದೆ. ವಿಂಡೋಸ್ 95ರಲ್ಲಿ ನಡೆದದ್ದು ಹೆಚ್ಚುಕಡಿಮೆ ಅದೇ. ಅದರ ನೆಟ್‌ವರ್ಕ್ ಡ್ರೈವರುಗಳ ಮೂಲವಾದ ಭಾಗವೊಂದು, ಏಳುವಾಗ ಗೊತ್ತಾದಷ್ಟು ಸಲ ಎಣಿಸಿ, ಹಿಡಿದ ಕಾಲದಿಂದ ಭಾಗಿಸಿ ಪ್ರೊಸೆಸರಿನ ವೇಗವನ್ನು ಕಂಡುಕೊಳ್ಳುತ್ತಿತ್ತು. ಪ್ರೊಸೆಸರುಗಳು 2.1 ಗಿಗಾಹರ್ಟ್ಸ್ ವೇಗವನ್ನು ಮುಟ್ಟಿದ ದಿನ, ಎಣಿಕೆಗೆ ಹಿಡಿದ ಕಾಲ ಸೊನ್ನೆಯೆಂದೇ ಲೆಕ್ಕಕ್ಕೆ ಬಂತು. ಸೊನ್ನೆಯಿಂದ ಭಾಗಿಸಲು ಹೋದ ಯಂತ್ರ ಏಳಲೇ ಇಲ್ಲ. ಅಂತಹ ಪ್ರೊಸೆಸರನ್ನು ಬರೆದವನು ಕಣ್ಣಿನಿಂದ ಕಂಡಿರಲಿಲ್ಲ. ಅವನು ಪರೀಕ್ಷೆ ಮಾಡಿ ಒಪ್ಪಿಸಿದ ಕೆಲಸದಲ್ಲಿ ಅಂದು ಯಾವ ದೋಷವೂ ಇರಲಿಲ್ಲ.

ಇನ್ನು ಮನೆಗಳ ಮಾತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಎಂಬ ಧ್ವನಿಯ ಕಾರ್ಡನ್ನು ಹೊರತಂದ ಮೇಲೆ ಆಟಗಳಿಗೆ ಸಂಗೀತ ಬಂತು. ಜೊತೆಯಲ್ಲಿಯೇ ಒಂದು ಹೊಸ ತಾಪತ್ರಯವೂ ಬಂತು. ಆರಂಭದ ಕಾರ್ಡುಗಳು ಪ್ರಿಂಟರಿಗೆ ಸಲ್ಲುತ್ತಿದ್ದ 7ನೆಯ ಗಂಟೆಯನ್ನೇ ಹಿಡಿದು ಬರುತ್ತಿದ್ದವು. ಒಂದೇ ಗಂಟೆಗೆ ಇಬ್ಬರು ಓಡಿಬಂದರೆ ಜಗಳವಲ್ಲದೆ ಇನ್ನೇನು? ಕಾರ್ಡಿನ ಮೇಲಿನ ಚಿಕ್ಕ ಕೊಂಡಿಯನ್ನು ಕಿತ್ತು ಬೇರೆಡೆ ಸಿಕ್ಕಿಸಿ, ಕಡತದಲ್ಲಿ ಸಂಖ್ಯೆ ಬದಲಾಯಿಸಬೇಕು. ಡಾಸ್ ಧ್ವನಿಗೆ ಒಂದು ಸಾಮಾನ್ಯ ಡ್ರೈವರಿನ ಏರ್ಪಾಟನ್ನೇ ಮಾಡಿರಲಿಲ್ಲವಾದ್ದರಿಂದ ಪ್ರತಿಯೊಂದು ಆಟವೂ ತನ್ನ ಸಾರಥಿಯನ್ನು ತಾನೇ ಕರೆದುಕೊಂಡು ಬರುತ್ತಿತ್ತು. ವಿಂಡೋಸ್ ಈ ವಿಷಯದಲ್ಲಿ ಮಾಡಿದ ಉಪಕಾರ ದೊಡ್ಡದು: ಒಂದು ಪ್ರಿಂಟರಿಗೆ, ಒಂದು ಕಾರ್ಡಿಗೆ ಒಂದೇ ಡ್ರೈವರು, ಪ್ರೋಗ್ರಾಮುಗಳೆಲ್ಲ ಅದನ್ನೇ ಹಂಚಿಕೊಳ್ಳತಕ್ಕದ್ದು.

ಕನ್ನಡಕ್ಕೂ ಇಂತಹ ಒಬ್ಬ ಸಾರಥಿಯ ಋಣವಿದೆ. ಐಐಟಿ ಕಾನ್ಪುರದಲ್ಲಿ ಮೊಳೆತು, 1980ರ ದಶಕದ ಕೊನೆಯ ಹೊತ್ತಿಗೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಎಂಬ ಕಾರ್ಡು ಅದು. ಡಾಸ್ ಕಾಲದ ಬರವಣಿಗೆಯ ಪ್ರೋಗ್ರಾಮುಗಳಿಗಾಗಲಿ ಲೆಕ್ಕದ ಪ್ರೋಗ್ರಾಮುಗಳಿಗಾಗಲಿ ಇಂಗ್ಲಿಷ್ ಹೊರತು ಬೇರೆ ಲಿಪಿಯ ಗಂಧವಿರಲಿಲ್ಲ. ಅವುಗಳಿಗೆ ಗೊತ್ತಿದ್ದದ್ದು 256 ಸಂಖ್ಯೆಗಳು ಮಾತ್ರ. ಭಾರತದ ಲಿಪಿಗಳಿಗೆಂದು ಗೊತ್ತುಮಾಡಿದ ಸಂಖ್ಯೆಗಳನ್ನು ಅದರ ಮೇಲಿನ ಅರ್ಧದಲ್ಲಿಟ್ಟು, ಪ್ರೋಗ್ರಾಮು ತೆರೆಗೆ ಕಳುಹಿಸಿದ್ದನ್ನು ನಡುದಾರಿಯಲ್ಲಿ ಹಿಡಿದು, ಒತ್ತಕ್ಷರ ದೀರ್ಘಗಳೊಡನೆ ಕನ್ನಡವಾಗಿಯೋ ಹಿಂದಿಯಾಗಿಯೋ ಚಿತ್ರಿಸುವುದು ಈ ಏರ್ಪಾಟಿನ ಕೆಲಸ. ತಾನು ಕನ್ನಡ ಬರೆಯುತ್ತಿದ್ದೇನೆಂಬುದು ಪ್ರೋಗ್ರಾಮಿಗೆ ಕಡೆಯವರೆಗೂ ತಿಳಿಯುತ್ತಿರಲಿಲ್ಲ. ಡ್ರೈವರಿನ ಗುಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಇಷ್ಟೆಲ್ಲ ಅಧಿಕಾರವುಳ್ಳ ಸಾರಥಿ ಶಲ್ಯನಾದರೆ? ಡಾಸ್‌ನಲ್ಲಿ ಯಾರಿಗೂ ಯಾರಿಂದಲೂ ರಕ್ಷಣೆಯಿರಲಿಲ್ಲ. ಒಂದು ಡ್ರೈವರು ತಪ್ಪು ವಿಳಾಸದಲ್ಲಿ ಒಂದು ಸಂಖ್ಯೆ ಬರೆದರೆ ಅದು ಪಕ್ಕದ ಪ್ರೋಗ್ರಾಮಿನ ಹೊಟ್ಟೆಯಲ್ಲಿಯೂ ಬೀಳಬಹುದು. ಬಳಿಕ ಬಂದ ವಿಂಡೋಸ್ ಸಾಮಾನ್ಯ ಪ್ರೋಗ್ರಾಮುಗಳನ್ನು ಬೇಲಿಯ ಹೊರಗಿರಿಸಿತಾದರೂ ಡ್ರೈವರುಗಳನ್ನು ಗರ್ಭಗುಡಿಯೊಳಗೇ ಬಿಟ್ಟುಕೊಂಡಿತು. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ, ಅವರ ಸಹೋದ್ಯೋಗಿ ವಿಂಡೋಸ್ 98 ಎಷ್ಟು ಸುಲಭವಾಗಿ ಹೊಸ ಸ್ಕ್ಯಾನರನ್ನು ಗುರುತಿಸುವುದೆಂದು ತೋರಿಸಲು ಹೋದರು. ತಂತಿ ಸಿಕ್ಕಿಸಿದರು, ಯಂತ್ರ ಡ್ರೈವರನ್ನು ಸೇರಿಸಿಕೊಳ್ಳಲು ತೊಡಗಿತು, ಅಷ್ಟರಲ್ಲಿ ತೆರೆಯ ತುಂಬ ನೀಲಿ ಬಣ್ಣ, ಯಂತ್ರ ಸ್ತಬ್ಧ. ಸಭೆ ಗೊಳ್ಳೆಂದು ನಕ್ಕಿತು. ಇದಕ್ಕಾಗಿಯೇ ಇದನ್ನಿನ್ನೂ ಮಾರುಕಟ್ಟೆಗೆ ಬಿಟ್ಟಿಲ್ಲವೆಂಬ ಅರ್ಥದ ಮಾತನ್ನಾಡಿ ಗೇಟ್ಸ್ ಸಂದರ್ಭವನ್ನು ನಿಭಾಯಿಸಿದರು. 2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಬಂಧವೊಂದು, ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾಗುತ್ತಿದ್ದ ಕುಸಿತಗಳಲ್ಲಿ ಶೇಕಡ 85ಕ್ಕೆ ಡ್ರೈವರುಗಳೇ ಕಾರಣವೆಂದಿತು. ಈ ಅಂಕಿಯನ್ನು ಹಿಡಿದು ಡ್ರೈವರ್ ಲೇಖಕರನ್ನು ದಡ್ಡರೆಂದು ತಿಳಿಯುವುದು ಅನ್ಯಾಯ. ಸಿಸ್ಟಮಿನ ಮೂಲಭಾಗವನ್ನು ಲಕ್ಷಾಂತರ ಮಂದಿ ದಿನವೂ ತಿರುವಿ ಹಾಕುತ್ತಾರೆ. ಯಾವುದೋ ಒಂದು ಸ್ಕ್ಯಾನರಿನ ಡ್ರೈವರನ್ನು ಪರೀಕ್ಷಿಸುವವರು ಎಷ್ಟು ಮಂದಿ?

ಶಲ್ಯನ ಎರಡನೆಯ ಗುಣ, ನಡುರಣದಲ್ಲಿ ಇಳಿದು ಹೋಗುವುದು, ಇನ್ನೂ ಕಠಿನವಾದದ್ದು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದ 64 ಬಿಟ್ ಆವೃತ್ತಿ, ಹಳೆಯ 32 ಬಿಟ್ ಡ್ರೈವರುಗಳನ್ನು ಒಳಗೆ ಬಿಡಲಿಲ್ಲ. ಒಳಭಾಗಕ್ಕೆ ಬರುವ ಹೊಸ ಡ್ರೈವರಿಗೆ ಅಧಿಕೃತ ಸಹಿಯೂ ಬೇಕೆಂದಿತು. ಕಟ್ಟುಪಾಡು ನ್ಯಾಯವಾದದ್ದೇ. ಆದರೆ ತಯಾರಿಸಿದ ಕಂಪನಿ ಮುಚ್ಚಿಹೋಗಿದ್ದರೆ, ಅಥವಾ ಹಳೆಯ ಸರಕಿಗೆ ಹೊಸ ಡ್ರೈವರ್ ಬರೆಸುವುದು ಲಾಭವಲ್ಲವೆಂದು ತೀರ್ಮಾನಿಸಿದರೆ, ಗಾಜು ಒಡೆಯದ, ಮೋಟಾರು ಕೆಡದ ಸ್ಕ್ಯಾನರು ಒಂದೇ ದಿನದಲ್ಲಿ ಗುಜರಿಯಾಗುತ್ತದೆ. ಮನೆಯ ಸ್ಕ್ಯಾನರು ಹೋದರೆ ಹೋಗಲಿ. ಪ್ರಯೋಗಾಲಯದ ಅಳತೆಯ ಉಪಕರಣ, ಕಾರ್ಖಾನೆಯ ಕಡೆತದ ಯಂತ್ರ, ಇವುಗಳ ಕಬ್ಬಿಣ ಮೂವತ್ತು ವರ್ಷ ಬಾಳುತ್ತದೆ. ಸಾರಥಿಯ ಆಯುಸ್ಸು ಅಷ್ಟಿಲ್ಲ. ಅದಕ್ಕಾಗಿಯೇ ಎಷ್ಟೋ ಕಡೆ ಇಂದಿಗೂ ಮೂಲೆಯಲ್ಲೊಂದು ಹಳೆಯ ಡಾಸ್ ಯಂತ್ರವನ್ನು ಧೂಳು ಒರೆಸಿ ಜೀವಂತವಾಗಿ ಇಟ್ಟುಕೊಂಡಿರುತ್ತಾರೆ.

ಇಂತಹ ಸಂಕಟಕ್ಕೆ ಮೂಲ ಗುಟ್ಟಿನಲ್ಲಿದೆ. ಡ್ರೈವರ್ ಬರೆಯಲು ಬೇಕಾದ ಜ್ಞಾನ, ಎಂದರೆ ಯಾವ ದ್ವಾರಕ್ಕೆ ಯಾವ ಸಂಖ್ಯೆ ಕಳುಹಿಸಿದರೆ ಏನಾಗುತ್ತದೆಂಬುದು, ತಯಾರಕರ ಕಪಾಟಿನಲ್ಲಿರುತ್ತದೆ. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್, ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟುವಂತೆ ಅದರ ಪ್ರೋಗ್ರಾಮನ್ನು ತಿದ್ದಿದ್ದರು. 1980ರ ಸುಮಾರಿಗೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರು ಬಂತು. ಅದರ ಪ್ರೋಗ್ರಾಮಿನ ಮೂಲಬರಹ ಮಾತ್ರ ಬರಲಿಲ್ಲ. ಬೇರೊಂದು ವಿಶ್ವವಿದ್ಯಾಲಯದಲ್ಲಿ ಅದನ್ನು ಬಲ್ಲವರೊಬ್ಬರನ್ನು ಹುಡುಕಿಕೊಂಡು ಹೋದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿರುವೆನೆಂಬ ಉತ್ತರ ಸಿಕ್ಕಿತು. 1983ರಲ್ಲಿ ಅವರು ಗ್ನೂ ಎಂಬ ಮುಕ್ತ ತಂತ್ರಾಂಶದ ಚಳವಳಿಯನ್ನು ಆರಂಭಿಸಿದ್ದರ ಹಿಂದೆ ಈ ಪ್ರಸಂಗವೂ ಇದೆಯೆಂದು ಅವರೇ ಹೇಳುತ್ತ ಬಂದಿದ್ದಾರೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ದಾರಿಯನ್ನು ನ್ಯೂಯಾರ್ಕ್ ರಾಜ್ಯದ ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದಲ್ಲಿದ್ದ ರಸಲ್ ನೆಲ್ಸನ್ ತೋರಿಸಿಕೊಟ್ಟರು. ನೆಟ್‌ವರ್ಕ್ ಕಾರ್ಡುಗಳಿಗೆ ಡಾಸ್‌ನಲ್ಲಿ ಪ್ಯಾಕೆಟ್ ಡ್ರೈವರ್ ಎಂಬ ಸಾಮಾನ್ಯ ಒಪ್ಪಂದವೊಂದು 1986ರಿಂದ ಬಳಕೆಗೆ ಬಂದಿತ್ತು. ಅದಕ್ಕೆ ಅನುಸಾರವಾಗಿ ಬೇರೆ ಬೇರೆ ಕಾರ್ಡುಗಳಿಗೆ ಬರೆದ ಡ್ರೈವರುಗಳನ್ನು ನೆಲ್ಸನ್ ಮೂಲಬರಹಸಹಿತವಾಗಿ ಒಂದೆಡೆ ಕೂಡಿಸಿ ಬೇಕಾದವರಿಗೆಲ್ಲ ದೊರೆಯುವಂತೆ ಮಾಡಿದರು. ಒಂದು ಕಾರ್ಡಿನ ಡ್ರೈವರನ್ನು ಓದಿಕೊಂಡವನು ಇನ್ನೊಂದಕ್ಕೆ ಬರೆದ. ಆ ಕಾರ್ಡುಗಳ ತಯಾರಕರಲ್ಲಿ ಎಷ್ಟೋ ಮಂದಿ ಇಂದು ಇಲ್ಲ. ಡ್ರೈವರುಗಳು ಮಾತ್ರ ಇವೆ, ಕೆಲಸವನ್ನೂ ಮಾಡುತ್ತವೆ. ತಾಳೆಗರಿಯೊಂದನ್ನು ಪ್ರತಿಮಾಡಿಸಿ ನಾಲ್ಕು ಊರುಗಳಿಗೆ ಕಳುಹಿಸಿದ ಗೃಹಸ್ಥನಿಗೂ, ಪೆಟ್ಟಿಗೆಯಲ್ಲಿಟ್ಟು ಗೆದ್ದಲಿಗೆ ಉಣಿಸಿದವನಿಗೂ ಇರುವ ಅಂತರ ಹಸ್ತಪ್ರತಿಗಳ ಚರಿತ್ರೆ ಬಲ್ಲವರಿಗೆ ಹೊಸದಲ್ಲ.

ಮೈಕ್ರೋಸಾಫ್ಟ್ ಡಾಸನ್ನು ಕೈಬಿಡುವುದೆಂಬ ಸುದ್ದಿ ಹರಡಿದ 1994ರಲ್ಲಿ, ಜಿಮ್ ಹಾಲ್ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ, ಹಾಗಾದರೆ ಹೊಸದೊಂದನ್ನು ಬರೆದುಬಿಡೋಣವೆಂದು ನಾಲ್ಕು ಜನರನ್ನು ಕೂಡಿಸಿಕೊಂಡು ಹೊರಟ. ಫ್ರೀಡಾಸ್ ಎಂಬ ಆ ಸಿಸ್ಟಮಿನ 1.0 ಆವೃತ್ತಿ 2006ರಲ್ಲಿ ಹೊರಬಂತು. ಅದೂ ತನ್ನ ಬಾಗಿಲಿಗೆ ಬಂದ ಡ್ರೈವರಿನಿಂದ ಕೇಳುವುದು ಅದೇ 18 ಬೈಟುಗಳ ಗುರುತಿನ ಚೀಟಿಯನ್ನು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿಯೂ ಡಾಸ್ 2.0ರ ಮೂಲಬರಹವನ್ನು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಎಲ್ಲರೂ ಓದುವಂತೆ ತೆರೆದಿಟ್ಟಿತು. ಬಾರದ ಅಳಿಯನ ಕೋಣೆಯನ್ನು ಅದರಲ್ಲಿ ಈಗಲೂ ನೋಡಬಹುದು.

ಹಳೆಯ ಸಿಸ್ಟಮಿಗೆ ಹೊಸ ಡ್ರೈವರ್ ಬರೆಯುವವರು ಇಂದೂ ಇದ್ದಾರೆ. ಇತ್ತೀಚಿನ ಯಂತ್ರಗಳಲ್ಲಿ ಸೌಂಡ್ ಬ್ಲಾಸ್ಟರ್ ಇಲ್ಲ. ಧ್ವನಿಯ ಚಿಪ್ಪು ಬೇರೆ, ಅದರ ಭಾಷೆ ಬೇರೆ. ಡಾಸ್ ಕಾಲದ ಆಟವನ್ನು ಅಲ್ಲಿ ಹೂಡಿದರೆ ಅದು ತನ್ನ ಅಭ್ಯಾಸದಂತೆ 220 ಎಂಬ ವಿಳಾಸಕ್ಕೆ ಹೋಗಿ ಕರೆಯುತ್ತದೆ. ಆ ಮನೆಯಲ್ಲಿ ಈಗ ಯಾರೂ ಇಲ್ಲ. ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಬರೆದು ಉಚಿತವಾಗಿ ಹಂಚಿರುವ ಡ್ರೈವರೊಂದು ಆ ಕರೆಯನ್ನು ನಡುವೆ ಹಿಡಿದು, ಸೌಂಡ್ ಬ್ಲಾಸ್ಟರಿನ ಧಾಟಿಯಲ್ಲಿಯೇ ಉತ್ತರ ಹೇಳಿ, ಆಟ ಕೊಟ್ಟ ಸಂಗೀತವನ್ನು ಹೊಸ ಚಿಪ್ಪಿನ ಭಾಷೆಗೆ ತಿರುಗಿಸಿ ಒಪ್ಪಿಸುತ್ತದೆ. ಆಟಕ್ಕೆ ಇದೊಂದೂ ತಿಳಿಯದು. ಅದು ನೇರವಾಗಿ ಎರಡನೆಯ ಕರೆಗೆ ತೊಡಗುತ್ತದೆ.